ಎರಡು ಕಿಲೋಮೀಟರ್ ಆಚೆಯ ಐದು ಇಂಚು: ಬೇಟೆಯ ಸ್ಪಾಟಿಂಗ್ ಸ್ಕೋಪಿಗೆ ಟ್ರೈಪಾಡ್ ಮತ್ತು ಹೆಡ್ ಆಯ್ದುಕೊಂಡ ಒಂದು ಪ್ರಕರಣ

ಅಮೆರಿಕದ ಕೊಲರಾಡೊ ರಾಜ್ಯದ ಬಹಳಷ್ಟು ಬೇಟೆ ವಲಯಗಳಲ್ಲಿ ಗಂಡು ಎಲ್ಕನ್ನು (ಎಲ್ಕ್ ಎಂದರೆ ಒಂದು ದೊಡ್ಡ ಜಾತಿಯ ಜಿಂಕೆ) ಹೊಡೆಯಬೇಕಾದರೆ ಅದರ ಒಂದು ಕೊಂಬಿನಲ್ಲಾದರೂ ನಾಲ್ಕು ಕವಲುಗಳಿರಬೇಕು, ಇಲ್ಲವೇ ಹಣೆಯ ಮೇಲಿಂದ ಮುಂದಕ್ಕೆ ಚಾಚುವ ಮೊದಲ ಕವಲು ಕನಿಷ್ಠ 5 ಇಂಚು, ಅಂದರೆ ಸುಮಾರು 12.7 ಸೆಂಟಿಮೀಟರ್ ಉದ್ದವಿರಬೇಕು. ಎಳೆಯ ಗಂಡುಗಳು ಬೆಳೆದು ಸಂತಾನ ಬೆಳೆಸುವ ವಯಸ್ಸನ್ನು ತಲುಪಲಿ ಎಂಬುದು ಈ ನಿಯಮದ ಉದ್ದೇಶ. ನಿಯಮ ಚಿಕ್ಕದು, ಅದರ ಪಾಲನೆ ಕಷ್ಟದ್ದು. ಎಲ್ಕ್ ಕಾಣಿಸುವುದು ಸಾಮಾನ್ಯವಾಗಿ ಕಣಿವೆಯ ಆಚೆಯ ದಿಣ್ಣೆಯಲ್ಲಿ, ಬೆಳಕು ಇನ್ನೂ ಪೂರ್ತಿ ಹರಿಯದ ಹೊತ್ತಿನಲ್ಲಿ. ಅಲ್ಲಿಗೆ ಹತ್ತಿ ಹೋಗಲು ಅರ್ಧ ದಿನ ಬೇಕು. ಹೋದ ಮೇಲೆ ಕವಲು ಗಿಡ್ಡವೆಂದು ಗೊತ್ತಾದರೆ ಅರ್ಧ ದಿನವೂ ಹೋಯಿತು, ನಮ್ಮ ವಾಸನೆ ಹಿಡಿದು ಇಡೀ ಹಿಂಡೂ ಹೋಯಿತು. ಬಂದೂಕಿನ ಮೇಲಿನ ದುರ್ಬೀನಿನಲ್ಲಿ ನೋಡಿ ನಿರ್ಧರಿಸುವುದಂತೂ ಸಲ್ಲದು. ಹೊಡೆಯಲು ನಿರ್ಧರಿಸದ ಯಾವುದರತ್ತಲೂ ನಳಿಗೆಯನ್ನು ತಿರುಗಿಸಬಾರದೆಂಬುದು ಬೇಟೆಯ ಮೊದಲ ಶಿಸ್ತು.

ಈ ಬರಹದ ವಿಷಯ ಕೊಲರಾಡೊದಲ್ಲಿ ನೆಲೆಸಿರುವ, ಕೊಡಗಿನ ಮೂಲದ ಗೆಳೆಯರೊಬ್ಬರು ತಮ್ಮ ಸ್ಪಾಟಿಂಗ್ ಸ್ಕೋಪಿಗೆ, ಅಂದರೆ ದೂರದ್ದನ್ನು ಹಿಗ್ಗಿಸಿ ತೋರಿಸುವ ಒಂಟಿಗಣ್ಣಿನ ದುರ್ಬೀನಿಗೆ, ತಕ್ಕ ಟ್ರೈಪಾಡನ್ನೂ (ಮುಕ್ಕಾಲಿ), ಅದರ ತುದಿಯಲ್ಲಿ ಸ್ಕೋಪನ್ನು ಹಿಡಿದು ತಿರುಗಿಸುವ ಹೆಡ್ಡನ್ನೂ ಆಯ್ದುಕೊಂಡ ಬಗೆ. ಆ ರಾಜ್ಯದಲ್ಲಿ 1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರೆಲ್ಲರೂ ಬೇಟೆಯ ಪರವಾನಗಿ ಪಡೆಯುವ ಮುನ್ನ ಕಡ್ಡಾಯವಾಗಿ ಮುಗಿಸಬೇಕಾದ ಶಿಕ್ಷಣವನ್ನು ಅವರು ಮುಗಿಸಿದ್ದರು, ಅಕ್ಟೋಬರಿನ ರೈಫಲ್ ಋತುವಿಗೆ ನೆರೆಯ ಅಮೆರಿಕನ್ ಸಂಗಾತಿಯೊಬ್ಬರ ಜೊತೆಗೆ ಪರವಾನಗಿಯನ್ನೂ ಪಡೆದಿದ್ದರು. ನನ್ನ ಆಸಕ್ತಿ ಬೇಟೆಯಲ್ಲಿಲ್ಲ, ಹಕ್ಕಿಗಳಲ್ಲಿದೆ. ಆದರೆ ಸ್ಕೋಪು ಎರಡಕ್ಕೂ ಒಂದೇ ಆದ್ದರಿಂದ ಅವರು ನನ್ನನ್ನು ಕೇಳಿದರು, ಆಯ್ಕೆಯ ಪ್ರತಿ ಹಂತದಲ್ಲೂ ನಾನು ಜೊತೆಗಿದ್ದೆ.

ಅವರ ಬಳಿ ಆಗ ಇದ್ದದ್ದು 85 ಮಿಲಿಮೀಟರ್ ಮುಂಗಾಜಿನ, 27ರಿಂದ 60 ಪಟ್ಟು ಹಿಗ್ಗಿಸಿ ತೋರಿಸುವ, ಕಣ್ಣಿನ ಕಡೆಯ ಭಾಗ ಓರೆಯಾಗಿ ಮೇಲಕ್ಕೆ ಬಾಗಿರುವ ಸ್ಕೋಪು. ತೂಕ 1.9 ಕಿಲೋಗಿಂತ ತುಸು ಕಡಿಮೆ. ಅದನ್ನು ಕೂರಿಸುತ್ತಿದ್ದದ್ದು ಪ್ರವಾಸಿಗರಿಗೆಂದು ಮಾಡಿದ, ಪ್ರತಿ ಕಾಲಿನಲ್ಲೂ ಒಂದರೊಳಗೊಂದು ಸೇರುವ ಐದು ಕೊಳವೆಗಳಿರುವ, ಅಂದರೆ ಐದು ಮಡಿಕೆಯ ಕಾರ್ಬನ್ ಫೈಬರ್ ಟ್ರೈಪಾಡಿನ ಮೇಲೆ, ಎತ್ತರ ಹೆಚ್ಚಿಸುವ ನಡುಗಂಬವನ್ನು ಮೇಲೆಳೆದು, ಗುಂಡಿನ ಮೇಲೆ ಎಲ್ಲ ದಿಕ್ಕಿಗೂ ತಿರುಗುವ ಸಣ್ಣ ಬಾಲ್ ಹೆಡ್ಡಿನಲ್ಲಿ. ಅವರ ದೂರು ಸರಳವಾಗಿತ್ತು: 27 ಪಟ್ಟಿನಲ್ಲಿ ಎಲ್ಲವೂ ಚೆನ್ನಾಗಿದೆ, 40 ದಾಟಿದರೆ ಏನೂ ಗೊತ್ತಾಗುವುದಿಲ್ಲ. ಗಾಜು ಕಳಪೆಯೇನೋ, ಇನ್ನೂ ದುಬಾರಿ ಸ್ಕೋಪನ್ನು ಕೊಳ್ಳಬೇಕೇನೋ ಎಂಬುದು ಅವರ ಅನುಮಾನ.

ಲೆಕ್ಕ ಹೇಳಿದ್ದು

ಅಂಗಡಿಗೆ ಹೋಗುವ ಮೊದಲು ಕಾಗದದ ಮೇಲೆ ಒಂದಿಷ್ಟು ಲೆಕ್ಕ ಮಾಡಿದೆವು. ಇಂಥ ಆಯ್ಕೆಗಳಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ ಎಂದು ನನಗನ್ನಿಸುತ್ತದೆ.

ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಸಿಗುವ ಒಂದು ಪಾಲಿಗೆ ಕೋನ ಸೆಕೆಂಡು ಎನ್ನುತ್ತಾರೆ. ಎರಡು ಕಿಲೋಮೀಟರ್ ದೂರದಲ್ಲಿ ಒಂದು ಕೋನ ಸೆಕೆಂಡು ಸುಮಾರು ಒಂದು ಸೆಂಟಿಮೀಟರಿಗೆ ಸಮ. ಹಾಗಾಗಿ ನಿಯಮ ಕೇಳುವ 12.7 ಸೆಂಟಿಮೀಟರ್ ಕವಲು ಅಷ್ಟು ದೂರದಿಂದ 13 ಕೋನ ಸೆಕೆಂಡುಗಳಷ್ಟು ಮಾತ್ರ. ಗಾಳಿ ತಿಳಿಯಾಗಿದ್ದರೆ 85 ಮಿಲಿಮೀಟರಿನ ಒಳ್ಳೆಯ ಮುಂಗಾಜು ಸೈದ್ಧಾಂತಿಕವಾಗಿ ಸುಮಾರು 1.4 ಕೋನ ಸೆಕೆಂಡಿನ ವಿವರವನ್ನು ಬೇರ್ಪಡಿಸಬಲ್ಲದು. ಅಂದರೆ ಗಾಜಿಗೆ ಈ ಕೆಲಸ ಭಾರವಲ್ಲ. ಇನ್ನು ನೋಡುವ ಕಣ್ಣು: ಸಾಮಾನ್ಯ ಮನುಷ್ಯನ ಕಣ್ಣು ಸುಮಾರು 60 ಕೋನ ಸೆಕೆಂಡುಗಳ ವಿವರವನ್ನು ಗುರುತಿಸುತ್ತದೆ. 60 ಪಟ್ಟು ಹಿಗ್ಗಿಸಿದಾಗ ಸ್ಕೋಪಿನ ಒಂದೇ ಒಂದು ಕೋನ ಸೆಕೆಂಡಿನ ನಡುಕವೂ ಕಣ್ಣಿಗೆ 60 ಸೆಕೆಂಡುಗಳಾಗಿ, ಅಂದರೆ ಸರಿಯಾಗಿ ಗೊತ್ತಾಗುವ ಮಟ್ಟದಲ್ಲಿ ತಲುಪುತ್ತದೆ. ಟ್ರೈಪಾಡು ಐದಾರು ಕೋನ ಸೆಕೆಂಡುಗಳಷ್ಟು ಅಲುಗಿದರೆ ಸಾಕು, 13 ಸೆಕೆಂಡುಗಳ ಕವಲಿನ ಅರ್ಧಭಾಗ ಕಲಸಿಹೋಗುತ್ತದೆ. ಹತ್ತು ಸೆಂಟಿಮೀಟರಿನ ಕವಲನ್ನೂ ಹದಿಮೂರು ಸೆಂಟಿಮೀಟರಿನದನ್ನೂ ಬೇರೆಮಾಡಿ ನೋಡಲು ನಮಗಿದ್ದ ಅಂತರ ಕೇವಲ ಮೂರು ಕೋನ ಸೆಕೆಂಡುಗಳದು.

ಇಷ್ಟು ಬರೆದುಕೊಂಡ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಯಾವ ಟ್ರೈಪಾಡು ಎಷ್ಟು ಕಿಲೋ ಹೊರುತ್ತದೆ ಎಂಬುದಕ್ಕಿಂತ, ಗಾಳಿ ಬೀಸುವ ದಿಣ್ಣೆಯ ಮೇಲೆ ಸ್ಕೋಪನ್ನು ಎರಡು ಮೂರು ಕೋನ ಸೆಕೆಂಡುಗಳೊಳಗೆ ಯಾವುದು ಹಿಡಿದಿಡುತ್ತದೆ ಎಂಬುದು ಮುಖ್ಯವಾಯಿತು. ತಯಾರಕರು ಪೆಟ್ಟಿಗೆಯ ಮೇಲೆ ಅಚ್ಚುಹಾಕುವ ಹೊರುವ ಸಾಮರ್ಥ್ಯದ ಅಂಕಿಗೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವಿಲ್ಲ. ಆ ಅಂಕಿ ಹೆಚ್ಚೆಂದರೆ ಟ್ರೈಪಾಡು ಕುಸಿಯುವುದಿಲ್ಲ, ಕಾಲಿನ ಕೊಳವೆಗಳನ್ನು ಬಿಗಿಯುವ ಬೀಗ ಜಾರುವುದಿಲ್ಲ ಎಂದು ಹೇಳುತ್ತದೆ. ಅಲುಗುವುದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಹನ್ನೆರಡು ಕಿಲೋ ಹೊರುತ್ತದೆಂದು ಬರೆದುಕೊಂಡ ಟ್ರೈಪಾಡು ಎರಡು ಕಿಲೋಗೂ ಕಡಿಮೆ ತೂಕದ ಸ್ಕೋಪನ್ನು 60 ಪಟ್ಟಿನಲ್ಲಿ ನಿಲ್ಲಿಸಲಾರದೆ ಹೋಗುವುದು ಇದೇ ಕಾರಣಕ್ಕೆ.

ನಡುಕ ಎಲ್ಲಿಂದ ಬರುತ್ತಿತ್ತು

ಗೆಳೆಯರಿರುವ ನಗರದ ಪೂರ್ವಕ್ಕೆ ಹುಲ್ಲುಗಾವಲು ಸಮತಟ್ಟಾಗಿ ಹರಡಿಕೊಂಡಿರುವಲ್ಲಿ ಪರೀಕ್ಷೆ ಮಾಡಿದೆವು. ರಟ್ಟಿನಲ್ಲಿ 5, 6.5 ಮತ್ತು 8 ಸೆಂಟಿಮೀಟರ್ ಉದ್ದದ ಕವಲುಗಳನ್ನು ಕತ್ತರಿಸಿ ಕಂದು ಬಣ್ಣ ಬಳಿದೆವು. ಅವನ್ನು ಒಂದು ಕಿಲೋಮೀಟರ್ ದೂರದಲ್ಲಿ ಇಟ್ಟರೆ ಎರಡು ಕಿಲೋಮೀಟರ್ ಆಚೆಯ 10, 13 ಮತ್ತು 16 ಸೆಂಟಿಮೀಟರ್ ಕವಲುಗಳಷ್ಟೇ ಕಾಣುತ್ತವೆ. ಸಂಗಾತಿ ತಮಗೆ ತೋಚಿದ ಕ್ರಮದಲ್ಲಿ ಅವುಗಳನ್ನು ನಿಲ್ಲಿಸುವುದು, ಗೆಳೆಯರು ಸ್ಕೋಪಿನಲ್ಲಿ ನೋಡಿ ಕ್ರಮವನ್ನು ಬರೆದಿಡುವುದು, ಆಮೇಲೆ ತಾಳೆ ನೋಡುವುದು. ಉತ್ತರ ಮೊದಲೇ ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆಯಾದ್ದರಿಂದ ಈ ಕಟ್ಟುಪಾಡು ಅಗತ್ಯವಾಗಿತ್ತು.

ಬೆಳಗ್ಗೆ ಬೇಗ ಹೋಗಿದ್ದಕ್ಕೆ ಇನ್ನೊಂದು ಕಾರಣವಿತ್ತು. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿಯೂ ನೋಟವನ್ನು ಕಲಕುತ್ತದೆ, ಅದಕ್ಕೆ ಯಾವ ಟ್ರೈಪಾಡಿನಲ್ಲೂ ಮದ್ದಿಲ್ಲ. ಎರಡನ್ನೂ ಬೇರೆಮಾಡಿ ಗುರುತಿಸಲು ಸುಲಭದ ದಾರಿಯಿದೆ. ಟ್ರೈಪಾಡು ಅಲುಗಿದರೆ ಇಡೀ ನೋಟ ಒಟ್ಟಾಗಿ ಒಂದೇ ದಿಕ್ಕಿಗೆ ಸರಿದು ಮರಳುತ್ತದೆ. ಬಿಸಿಗಾಳಿಯಾದರೆ ನೋಟದ ಒಂದೊಂದು ಭಾಗ ಒಂದೊಂದು ರೀತಿಯಲ್ಲಿ ಬಳುಕುತ್ತದೆ, ನೇರವಾದ ಗೆರೆ ಹಾವಿನಂತೆ ಹರಿದಾಡುತ್ತದೆ. ಬಿಸಿಗಾಳಿಯ ಹೊತ್ತಿನಲ್ಲಿ ಟ್ರೈಪಾಡನ್ನು ದೂರುವವರೂ ಇದ್ದಾರೆ, ಅಲುಗುವ ಟ್ರೈಪಾಡನ್ನು ಇಟ್ಟುಕೊಂಡು ಬಿಸಿಗಾಳಿಯನ್ನು ದೂರುವವರೂ ಇದ್ದಾರೆ. ಎರಡರಲ್ಲೂ ಹಣ ವ್ಯರ್ಥವಾಗುತ್ತದೆ.

ಗಾಳಿ ಇಲ್ಲದಾಗ, ಕೈ ಮುಟ್ಟದಿದ್ದಾಗ, ಹಳೆಯ ವ್ಯವಸ್ಥೆಯಲ್ಲೇ 50 ಪಟ್ಟಿನಲ್ಲಿ ಕವಲುಗಳ ಕ್ರಮವನ್ನು ಗೆಳೆಯರು ಸರಿಯಾಗಿ ಓದಿದರು. ಗಾಜಿನ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ಸಾಧಾರಣ ಗಾಳಿ ಎದ್ದೊಡನೆ, ಇಲ್ಲವೇ ಫೋಕಸ್ ಚಕ್ರವನ್ನು ಬೆರಳು ಮುಟ್ಟಿದೊಡನೆ, ಮೂರೂ ಒಂದೇ ಆದವು. ಆಮೇಲೆ ಸ್ಕೋಪಿನ ಮೈಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ನೋಟ ನೆಲೆಗೆ ಬರಲು ಹಿಡಿಯುವ ಹೊತ್ತನ್ನು ಗಮನಿಸುತ್ತಾ, ಒಂದೊಂದೇ ಕೀಲನ್ನು ಕೈಯಲ್ಲಿ ಬಿಗಿಹಿಡಿದು ನೋಡಿದೆವು. ನಡುಗಂಬದ ಬುಡವನ್ನು ಹಿಡಿದಾಗ ನಡುಕ ಥಟ್ಟನೆ ಕಡಿಮೆಯಾಯಿತು. ಕಂಬವನ್ನು ಪೂರ್ತಿ ಇಳಿಸಿದಾಗ ಇನ್ನಷ್ಟು ಕಡಿಮೆಯಾಯಿತು, ಕಾಲುಗಳ ಕೊನೆಯ ಎರಡು ಮಡಿಕೆಗಳನ್ನು ಒಳಕ್ಕೆ ತಳ್ಳಿದಾಗ ಮತ್ತಷ್ಟು.

ಕಾರಣ ಯಂತ್ರಶಾಸ್ತ್ರದ ಮೊದಲ ಪಾಠಗಳಲ್ಲೇ ಇದೆ. ಒಂದು ತುದಿಯಲ್ಲಿ ಮಾತ್ರ ಹಿಡಿದ ಕಂಬದ ಬಾಗುವಿಕೆ ಅದರ ಉದ್ದದ ಮೂರನೆಯ ಘಾತದಂತೆ ಏರುತ್ತದೆ: ಕಂಬವನ್ನು ಎರಡರಷ್ಟು ಎತ್ತಿದರೆ ಎಂಟರಷ್ಟು ಬಾಗುತ್ತದೆ. ಗೋಡೆಯ ದಪ್ಪ ಒಂದೇ ಆಗಿರುವ ತೆಳು ಕೊಳವೆಗಳ ಬಿಗಿತ ಅವುಗಳ ವ್ಯಾಸದ ಮೂರನೆಯ ಘಾತದಂತೆ ಏರುತ್ತದೆ. ಐದು ಮಡಿಕೆಯ ಟ್ರೈಪಾಡಿನಲ್ಲಿ ಮೇಲಿನ ಕೊಳವೆ 22 ಮಿಲಿಮೀಟರ್ ಇದ್ದರೂ ಕೊನೆಯದು ಬೆರಳಿಗಿಂತ ತೆಳ್ಳಗೆ 11 ಮಿಲಿಮೀಟರಿಗೆ ಇಳಿದಿತ್ತು. ಅದನ್ನು 19 ಮಿಲಿಮೀಟರಿಗೆ ಏರಿಸಿದರೆ ಬಿಗಿತ ಸುಮಾರು ಐದು ಪಟ್ಟಾಗುತ್ತದೆ. ಇದಲ್ಲದೆ ಗಾಳಿ ಸ್ಕೋಪಿನ ಉದ್ದನೆಯ ಮೈಗೆ ಪಕ್ಕದಿಂದ ಬಡಿದಾಗ ಅದನ್ನು ಹಿಂದುಮುಂದು ತಳ್ಳುವುದಕ್ಕಿಂತ ಹೆಚ್ಚಾಗಿ ತಿರುಚುತ್ತದೆ, ಆ ತಿರುಚನ್ನು ತಡೆಯುವಲ್ಲಿ ಎಲ್ಲಕ್ಕಿಂತ ಬಲಹೀನವಾದದ್ದು ನಡುಗಂಬ ಮತ್ತು ಅದರ ಹಿಡಿಕಟ್ಟು. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಸೇರಿಸಿಕೊಂಡರೆ, ಮನೆಯಂಗಳದಲ್ಲಿ ಗಟ್ಟಿಯೆನಿಸಿದ್ದು ಬೆಟ್ಟದ ಮೇಲೆ ಏಕೆ ಕೈಕೊಡುತ್ತದೆ ಎಂಬುದು ಅರ್ಥವಾಗುತ್ತದೆ.

ಕಾಲುಗಳ ಆಯ್ಕೆ

ಅಂಗಡಿಯವರು ಮೊದಲು ಕೇಳುವುದು ಎಷ್ಟು ಎತ್ತರ ಬೇಕೆಂದು. ನಾವು ಅದನ್ನು ಹೀಗೆ ಕೇಳಿಕೊಂಡೆವು: ಬೆಳಗಿನ ಮೂರು ತಾಸು ಯಾವ ಭಂಗಿಯಲ್ಲಿ ನೋಡುತ್ತೀರಿ? ಕೊಲರಾಡೊದ ಎತ್ತರದ ಕಣಿವೆಗಳಲ್ಲಿ, 3000 ಮೀಟರಿಗೂ ಮೇಲೆ ಮರಗಳು ತೆಳುವಾಗುವಲ್ಲಿ, ಬೇಟೆಗಾರರು ನೆಲದ ಮೇಲೆ ಕುಳಿತು, ಬೆನ್ನಿಗೆ ಬಂಡೆಯನ್ನೋ ಚೀಲವನ್ನೋ ಕೊಟ್ಟು ನೋಡುತ್ತಾರೆ. ಕುಳಿತವರ ಕಣ್ಣಿನ ಎತ್ತರಕ್ಕೆ ಕಾಲುಗಳ ಮೇಲಿನ ಎರಡು ದಪ್ಪ ಕೊಳವೆಗಳೇ ಸಾಕು. ಆದರೆ ಅದೇ ಬೆಟ್ಟದ ಕೆಳಗಿನ ಇಳಿಜಾರುಗಳಲ್ಲಿ ಗ್ಯಾಂಬೆಲ್ ಓಕ್ ಎಂಬ ಕುರುಚಲು ಗಿಡ ಒತ್ತಾಗಿ ಬೆಳೆದು ಎದೆಯುದ್ದಕ್ಕೆ ನಿಲ್ಲುತ್ತದೆ, ಅಲ್ಲಿ ಕುಳಿತರೆ ಎಲೆಗಳ ಹೊರತು ಏನೂ ಕಾಣದು. ಹಾಗಾಗಿ ನಿಂತು ನೋಡುವ ಸಂದರ್ಭವನ್ನು ಪೂರ್ತಿ ಕೈಬಿಡುವಂತಿರಲಿಲ್ಲ.

ಇಲ್ಲಿ ಓರೆಗಣ್ಣಿನ ಸ್ಕೋಪು ನೆರವಿಗೆ ಬಂತು. ಅದರಲ್ಲಿ ತಲೆಬಾಗಿಸಿ ಕೆಳಮುಖವಾಗಿ ನೋಡುವುದರಿಂದ ನೇರ ಸ್ಕೋಪಿಗಿಂತ ಟ್ರೈಪಾಡು ಒಂದು ಗೇಣಿನಷ್ಟು ಗಿಡ್ಡವಾಗಿದ್ದರೂ ಸಾಕು. ಗೆಳೆಯರು ಎತ್ತರದ ಆಳು, ಸಂಗಾತಿ ಕುಳ್ಳಗೆ. ಓರೆ ಸ್ಕೋಪಾದರೆ ಗಿಡ್ಡವರ ಎತ್ತರಕ್ಕೆ ಹೊಂದಿಸಿಟ್ಟು ಇಬ್ಬರೂ ನೋಡಬಹುದು. ಗುರಿ ಹಿಡಿದು ಪ್ರಾಣಿಯನ್ನು ಬೇಗ ಹುಡುಕಲು ನೇರ ಸ್ಕೋಪೇ ಸುಲಭವೆಂಬುದು ನಿಜ. ಆದರೆ ಹುಡುಕುವ ಕೆಲಸ ಬೈನಾಕ್ಯುಲರಿನದ್ದಾದರೆ ಆ ಅನುಕೂಲಕ್ಕೆ ಅಷ್ಟು ಬೆಲೆಯಿಲ್ಲ.

ಕೊನೆಗೆ ಗೆಳೆಯರು ಆಯ್ದುಕೊಂಡದ್ದು ಮೂರು ಮಡಿಕೆಯ, ಮೇಲಿನ ಕೊಳವೆ 28 ಮಿಲಿಮೀಟರಿನ, ನಡುಗಂಬವೇ ಇಲ್ಲದ ಕಾರ್ಬನ್ ಫೈಬರ್ ಕಾಲುಗಳನ್ನು. ಎತ್ತರ ಸುಮಾರು 130 ಸೆಂಟಿಮೀಟರ್. ಹಳೆಯದಕ್ಕಿಂತ ಅರ್ಧ ಕಿಲೋದಷ್ಟು ಹೆಚ್ಚು ತೂಕ, ಮಡಿಸಿದಾಗ ಉದ್ದವೂ ಹೆಚ್ಚು, ಬೆನ್ನುಚೀಲದ ಪಕ್ಕದಲ್ಲಿ ಕಟ್ಟಿದರೆ ಕೊಂಬೆಗಳಿಗೆ ತಾಗುತ್ತದೆ. ಇದಕ್ಕಾಗಿ ಅವರು ಬಹಳ ಹೊತ್ತು ಯೋಚಿಸಿದರು. ಬೆಟ್ಟ ಹತ್ತುವವನಿಗೆ ಅರ್ಧ ಕಿಲೋ ಸಣ್ಣ ಮಾತಲ್ಲ. ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳಿದೆ: ಸುಮಾರು 1.9 ಕಿಲೋ ಗಾಜನ್ನು ಹೊತ್ತುಕೊಂಡು ಹೋಗಿ ಅದರ ಶಕ್ತಿಯ ಅರ್ಧವನ್ನು ಮಾತ್ರ ಬಳಸುವುದಾದರೆ ಉಳಿದರ್ಧವನ್ನು ಸುಮ್ಮನೆ ಹೊತ್ತಂತೆ. ತೂಕ ಇಳಿಸಲೇಬೇಕೆಂದರೆ 85 ಮಿಲಿಮೀಟರಿನ ಬದಲು 55 ಅಥವಾ 65 ಮಿಲಿಮೀಟರಿನ ಸ್ಕೋಪನ್ನು ಒಯ್ಯುವುದು ಪ್ರಾಮಾಣಿಕವಾದ ದಾರಿ. ದೊಡ್ಡ ಸ್ಕೋಪನ್ನು ಬಡಕಲು ಕಾಲಿನ ಮೇಲೆ ಇಡುವುದು ದಾರಿಯೇ ಅಲ್ಲ.

ಕಾಲುಗಳನ್ನು ಒಂದೊಂದಾಗಿ ಬೇರೆ ಬೇರೆ ಕೋನಕ್ಕೆ ಅಗಲಿಸಿ ನಿಲ್ಲಿಸುವ ಸೌಲಭ್ಯವಿರಲೇಬೇಕು. ಇಳಿಜಾರಿನಲ್ಲಿ ಎರಡು ಕಾಲು ಕೆಳಕ್ಕೆ, ಒಂದು ಕಾಲು ಮೇಲಕ್ಕೆ ಇರಿಸಿ ಕೂರಬೇಕಾಗುತ್ತದೆ. ಅಲ್ಯೂಮಿನಿಯಂ ಅಗ್ಗವಾದರೂ ಅಕ್ಟೋಬರಿನ ನಸುಕಿನಲ್ಲಿ ಕೈಗವಸಿನ ಮೂಲಕವೂ ಕೊರೆಯುತ್ತದೆ, ಅದೇ ಬಿಗಿತಕ್ಕೆ ತೂಕವೂ ಹೆಚ್ಚು. ತಿರುಗಿಸುವ ಬೀಗವೋ ಚಿಲಕದಂಥ ಬೀಗವೋ ಎಂಬ ಚರ್ಚೆಗೆ ನಾನು ಅಷ್ಟು ಮಹತ್ವ ಕೊಡುವುದಿಲ್ಲ.

ಹೆಡ್ಡಿನ ಆಯ್ಕೆ

ಹೆಡ್ಡಿನ ವಿಷಯದಲ್ಲಿ ತೀರ್ಮಾನಕ್ಕೆ ಬರಲು ಬೇಟೆಗಾರರು ನೋಡುವ ಕ್ರಮವನ್ನು ತಿಳಿದುಕೊಳ್ಳಬೇಕಾಯಿತು. ಅವರು ಎದುರಿನ ದಿಣ್ಣೆಯನ್ನು ಮನಸ್ಸಿನಲ್ಲೇ ಪಟ್ಟಿಗಳಾಗಿ ವಿಂಗಡಿಸಿಕೊಂಡು, ಎಡದಿಂದ ಬಲಕ್ಕೆ ಒಂದು ಪಟ್ಟಿ, ನೋಟದ ಅಗಲದಷ್ಟು ಕೆಳಗಿಳಿದು ಬಲದಿಂದ ಎಡಕ್ಕೆ ಇನ್ನೊಂದು ಎಂಬಂತೆ, ಸಾಲು ಬಿಡದೆ ಉಳುವ ರೈತನ ಹಾಗೆ ನೋಡುತ್ತಾ ಹೋಗುತ್ತಾರೆ. ಮರದ ನೆರಳಿನಲ್ಲಿ ಮಲಗಿದ ಎಲ್ಕಿನ ಕಿವಿಯೊಂದೋ ಕೊಂಬಿನ ತುದಿಯೊಂದೋ ಕಂಡರೆ ಅಲ್ಲಿಗೆ ನಿಲ್ಲುತ್ತಾರೆ. ಈ ಕ್ರಮಕ್ಕೆ ಅಡ್ಡ ಮತ್ತು ಮೇಲುಕೆಳಗಿನ ಚಲನೆಗಳು ಪ್ರತ್ಯೇಕವಾಗಿರಬೇಕು.

ಬಾಲ್ ಹೆಡ್ಡು ಛಾಯಾಚಿತ್ರಕ್ಕೆ ಒಳ್ಳೆಯದು. ಆದರೆ ಅದನ್ನು ಸಡಿಲಿಸಿದರೆ ಗುಂಡು ಎಲ್ಲ ದಿಕ್ಕಿಗೂ ಒಟ್ಟಿಗೆ ಸಡಿಲವಾಗುತ್ತದೆ, ಗುಂಡಿನ ಮೇಲೆ ಎತ್ತರದಲ್ಲಿ ಕುಳಿತ ಉದ್ದ ಸ್ಕೋಪು ಮುಂದಕ್ಕೆ ಮುಗ್ಗರಿಸುತ್ತದೆ. ಬಿಗಿ ಮಾಡಿದ ಮರುಕ್ಷಣ ನೋಟ ತುಸು ಕೆಳಕ್ಕೆ ಇಳಿಯುವುದು ಇನ್ನೊಂದು ತೊಂದರೆ. 27 ಪಟ್ಟಿನಲ್ಲಿ ಅದನ್ನು ಸಹಿಸಬಹುದು. 60 ಪಟ್ಟಿನಲ್ಲಿ ಇಡೀ ನೋಟದ ಅಗಲವೇ ಒಂದು ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಪ್ರಾಣಿ ನೋಟದಿಂದಲೇ ಹೊರಟುಹೋಗುತ್ತದೆ.

ಫ್ಲೂಯಿಡ್ ಹೆಡ್ಡಿನಲ್ಲಿ ಅಡ್ಡಕ್ಕೊಂದು, ಮೇಲುಕೆಳಗಿಗೊಂದು ಅಚ್ಚು. ಚಲಿಸುವ ಭಾಗಗಳ ನಡುವೆ ಅಂಟು ಗ್ರೀಸು. ಅದು ಚಲನೆಯನ್ನು ಹದವಾಗಿ ತಡೆಯುವುದರಿಂದ ಹಿಡಿಯನ್ನು ಒಂದು ಬೆರಳಿನಿಂದ ಒತ್ತಿದರೂ ನೋಟ ಜರ್ಕಿಲ್ಲದೆ ಹರಿಯುತ್ತದೆ, ಕೈಬಿಟ್ಟರೆ ಇದ್ದಲ್ಲೇ ನಿಲ್ಲುತ್ತದೆ, ಬೀಗ ಹಾಕುವ ಅಗತ್ಯವೇ ಹೆಚ್ಚಿನ ಸಲ ಬರುವುದಿಲ್ಲ. ಗೆಳೆಯರು ಎರಡು ಹೆಡ್ಡುಗಳನ್ನು ತಂದು ಹೋಲಿಸಿದರು. ಒಂದು ಸುಮಾರು 420 ಗ್ರಾಂ ತೂಕದ, ಬೆನ್ನುಚೀಲದವರಲ್ಲಿ ಜನಪ್ರಿಯವಾದ ಚಿಕ್ಕದು. ಇನ್ನೊಂದು 600 ಗ್ರಾಮಿನ ಹತ್ತಿರದ್ದು. ಚಿಕ್ಕದು 65 ಮಿಲಿಮೀಟರಿನ ಸ್ಕೋಪಿಗೆ ಹೇಳಿ ಮಾಡಿಸಿದಂತಿತ್ತು. 85ರ ಸ್ಕೋಪನ್ನು ಕಡಿದಾಗಿ ಮೇಲಕ್ಕೆ ಅಥವಾ ಕೆಳಕ್ಕೆ ತಿರುಗಿಸಿ ಕೈಬಿಟ್ಟಾಗ ಮಾತ್ರ ಅದು ಮೆಲ್ಲನೆ ಜಾರುತ್ತಿತ್ತು. ತೂಕದ ವ್ಯತ್ಯಾಸ 180 ಗ್ರಾಂ. ಅವರು ದೊಡ್ಡದನ್ನೇ ಉಳಿಸಿಕೊಂಡರು, ನಾನೂ ಅದನ್ನೇ ಹೇಳುತ್ತಿದ್ದೆ. ವಿಡಿಯೊ ಕ್ಯಾಮೆರಾಗಳಿಗೆಂದು ಮಾಡಿದ, ಕಿಲೋ ಸಮೀಪದ ಹೆಡ್ಡುಗಳು ಇನ್ನೂ ನಯವಾಗಿ ತಿರುಗುತ್ತವೆ, ಆದರೆ ಅವು ಗಾಡಿಯ ಪಕ್ಕದಲ್ಲೇ ನಿಂತು ನೋಡುವವರಿಗೆ.

ಜಾರುವಿಕೆಗೆ ಹೆಡ್ಡಿನಷ್ಟೇ ಸಮತೋಲವೂ ಕಾರಣ. ಸ್ಕೋಪಿನ ಬುಡದ ತಟ್ಟೆ ಗಿಡ್ಡವಾಗಿದ್ದರೆ ಅದನ್ನು ಹಿಂದೆ ಮುಂದೆ ಸರಿಸಿ ತೂಕವನ್ನು ಅಚ್ಚಿನ ಮೇಲಕ್ಕೆ ತರಲಾಗದು. 85ರ ಮುಂಗಾಜು ಸ್ಕೋಪನ್ನು ಮುಂದಕ್ಕೆ ಎಳೆಯುತ್ತದೆ, ಫೋನ್ ಹಿಡಿಸುವ ಅಡಾಪ್ಟರನ್ನು ಹಿಂದೆ ಸಿಕ್ಕಿಸಿದರೆ ತೂಕ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಸುಮಾರು 38 ಮಿಲಿಮೀಟರ್ ಅಗಲದ, ಆರ್ಕಾ ಮಾದರಿಯೆಂದು ಎಲ್ಲೆಡೆ ಸಿಗುವ ಓರೆ ಅಂಚಿನ ಉದ್ದ ಪ್ಲೇಟನ್ನು ಹಾಕಿದೆವು. ಅದು ಒಂದೇ ಸ್ಕ್ರೂವಿನಲ್ಲಿ ನಿಂತರೆ ಗಾಳಿಯ ತಿರುಚಿಗೆ ಕ್ರಮೇಣ ಸಡಿಲವಾಗುತ್ತದೆ. ತಿರುಗದಂತೆ ತಡೆಯುವ ಗೂಟವಿರುವ ಪ್ಲೇಟನ್ನೇ ಹುಡುಕಿದ್ದು ಅದಕ್ಕೆ. ಬೈನಾಕ್ಯುಲರಿಗೂ ಅದೇ ಅಗಲದ ಪ್ಲೇಟನ್ನು ಹಾಕಿದ್ದರಿಂದ ಹುಡುಕುವುದು ಬೈನಾಕ್ಯುಲರಿನಲ್ಲಿ, ತೀರ್ಮಾನಿಸುವುದು ಸ್ಕೋಪಿನಲ್ಲಿ ಎಂಬ ಬದಲಾವಣೆ ಕೆಲವೇ ಕ್ಷಣಗಳ ಕೆಲಸವಾಯಿತು.

ಹೆಡ್ಡಿನ ಕೆಳಗೆ ಮಟ್ಟ ಸರಿಪಡಿಸುವ ಬಟ್ಟಲನ್ನು ಹಾಕಬೇಕೆಂದು ಅಂಗಡಿಯಲ್ಲಿ ಸಲಹೆ ಬಂತು. ಅದಿಲ್ಲದಿದ್ದರೆ ಅಡ್ಡ ತಿರುಗಿಸುವಾಗ ನೋಟ ಓರೆಯಾಗಿ ಏರುವುದು ಇಳಿಯುವುದು ಉಂಟು. ಆದರೆ ಅದೂ ಒಂದು ಹೆಚ್ಚುವರಿ ಕೀಲು. ಕೀಲುಗಳಲ್ಲಿ ಅತ್ಯಂತ ಬಲಹೀನವಾದದ್ದೇ ಇಡೀ ವ್ಯವಸ್ಥೆಯ ಬಲವನ್ನು ನಿರ್ಧರಿಸುವುದರಿಂದ, ಕಾಲುಗಳಲ್ಲೇ ಮಟ್ಟ ಹೊಂದಿಸಿಕೊಳ್ಳುವುದು ಮೇಲೆಂದು ಅದನ್ನು ಬಿಟ್ಟೆವು.

ಹುಲ್ಲುಗಾವಲಿನ ಪರೀಕ್ಷೆಯನ್ನು ಹೊಸ ವ್ಯವಸ್ಥೆಯಲ್ಲಿ ಮತ್ತೆ ನಡೆಸಿದಾಗ, ಹಳೆಯದು ಸೋತಂಥದ್ದೇ ಗಾಳಿಯಲ್ಲಿ, ಕುಳಿತ ಎತ್ತರದಲ್ಲಿ, ಗೆಳೆಯರು 45 ಪಟ್ಟಿನಲ್ಲಿ ಕವಲುಗಳ ಕ್ರಮವನ್ನು ತಪ್ಪಿಲ್ಲದೆ ಓದಿದರು. 60ರಲ್ಲಿ ನೋಟ ಇನ್ನೂ ಅದುರುತ್ತಿತ್ತು. 60 ಪಟ್ಟಿನಲ್ಲಿ ಕಣ್ಣಿಗೆ ತಲುಪುವ ಬೆಳಕಿನ ಕಂಡಿಯ ವ್ಯಾಸ 1.4 ಮಿಲಿಮೀಟರಿಗೆ ಇಳಿಯುವುದರಿಂದ ನಸುಕಿನಲ್ಲಿ ಅಷ್ಟು ಹಿಗ್ಗಿಸಿ ಪ್ರಯೋಜನವೂ ಕಡಿಮೆ. ನಿಂತ ಎತ್ತರದಲ್ಲಿ 35 ಪಟ್ಟಿನವರೆಗೆ ನಂಬಬಹುದಿತ್ತು. ಚೀಲವನ್ನು ಟ್ರೈಪಾಡಿನ ಕೊಕ್ಕೆಗೆ ತೂಗುಹಾಕಿದಾಗ ಅದು ಗಾಳಿಗೆ ತೂಗಾಡಿ ನಡುಕವನ್ನು ಹೆಚ್ಚಿಸಿತು, ಚೀಲದ ತಳ ನೆಲಕ್ಕೆ ತಾಗುವಂತೆ ಕಟ್ಟಿದಾಗ ಕಡಿಮೆಯಾಯಿತು. ಸ್ಕೋಪಿನ ಕೊರಳಪಟ್ಟಿಯನ್ನು ಬಿಚ್ಚಿಡುವುದು ಖರ್ಚಿಲ್ಲದ ಸುಧಾರಣೆ, ಅದು ಪಟಪಟ ಬಡಿಯುವುದೇ ಒಂದು ನಡುಕ.

ಅಕ್ಟೋಬರಿನಲ್ಲಿ

ಋತುವಿನ ಒಂದು ಮುಂಜಾವಿನಲ್ಲಿ ಅವರಿಬ್ಬರಿಗೆ ಕಣಿವೆಯ ಆಚೆ, ಎರಡು ಕಿಲೋಮೀಟರಿಗೆ ತುಸು ಕಡಿಮೆ ದೂರದಲ್ಲಿ, ಹೆಣ್ಣುಗಳ ಹಿಂದೆ ಮೇಯುತ್ತಿದ್ದ ಎಳೆಯ ಗಂಡೊಂದು ಕಂಡಿತು. 27 ಪಟ್ಟಿನಲ್ಲಿ ಪ್ರತಿ ಕೊಂಬಿಗೂ ಮೂರು ಕವಲುಗಳು ಸ್ಪಷ್ಟವಾಗಿದ್ದವು, ನಾಲ್ಕನೆಯದು ಇಲ್ಲ. ಉಳಿದದ್ದು ಹಣೆಯ ಕವಲಿನ ಪ್ರಶ್ನೆ. ಪ್ರಾಣಿ ನೇರವಾಗಿ ನಮ್ಮ ಕಡೆಗೆ ಮುಖ ಮಾಡಿದ್ದರೆ ಮುಂಚಾಚಿದ ಕವಲು ಇರುವುದಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ಅದು ಪಕ್ಕಕ್ಕೆ ತಿರುಗುವವರೆಗೆ ಸ್ಕೋಪನ್ನು ಅಲ್ಲೇ ನಿಲ್ಲಿಸಿ ಕಾಯಬೇಕು. ಫ್ಲೂಯಿಡ್ ಹೆಡ್ಡಿನ ನಿಜವಾದ ಉಪಯೋಗ ಗೆಳೆಯರಿಗೆ ಮನವರಿಕೆಯಾದದ್ದು ಆ ಕಾಯುವಿಕೆಯಲ್ಲಿ: ಪ್ರಾಣಿ ಹತ್ತು ಹೆಜ್ಜೆ ಸರಿದರೆ ಹಿಡಿಗೆ ಒಂದು ಬೆರಳು, ಮತ್ತೆ ಕೈ ಬಿಡುವುದು. ಅದು ಪಕ್ಕಕ್ಕೆ ತಿರುಗಿ ತಲೆಯೆತ್ತಿದಾಗ 45 ಪಟ್ಟಿನಲ್ಲಿ ಕವಲಿನ ಉದ್ದವನ್ನು ಕಿವಿಯ ಉದ್ದದೊಂದಿಗೆ ಹೋಲಿಸಿ ನೋಡಿದರು. ಎರಡೂ ಬದಿಯ ಕವಲು ಕಿವಿಯ ಅರ್ಧಕ್ಕೂ ಬರುತ್ತಿರಲಿಲ್ಲ, ಅಂದರೆ 5 ಇಂಚಿಗೆ ಕಡಿಮೆ. ಸಂಗಾತಿಯೂ ಟ್ರೈಪಾಡನ್ನು ಅಲುಗಿಸದೆಯೇ ನೋಡಿ ಅದನ್ನೇ ಹೇಳಿದರು. ಅವರು ಆ ದಿಣ್ಣೆಗೆ ಹತ್ತಲಿಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಇಂಥ ಬೇಟೆಗೆ ಎಡೆಯಿಲ್ಲ. ಆದರೂ ಗದಗ ಜಿಲ್ಲೆಯ ಮಾಗಡಿ ಕೆರೆಯ ದಂಡೆಯಲ್ಲಿ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಸಂಶೋಧಕರು ಗುರುತಿಗೆಂದು ತೊಡಿಸಿದ ಕೊರಳಪಟ್ಟಿಯ ಅಕ್ಷರಗಳನ್ನು ಓದಲು ಹೊರಡುವವರಿಗೆ ಈ ಲೆಕ್ಕ ಹಾಗೆಯೇ ಅನ್ವಯಿಸುತ್ತದೆ. ಅಲ್ಲಿ ಬೆಟ್ಟ ಹತ್ತುವ ಕಷ್ಟವಿಲ್ಲದ್ದರಿಂದ ಇನ್ನೂ ದಪ್ಪ ಕಾಲುಗಳನ್ನು ಒಯ್ಯಬಹುದು, ಬಿಸಿಲೇರುವ ಮೊದಲೇ ಓದಿ ಮುಗಿಸಬೇಕೆಂಬುದು ಮಾತ್ರ ಅಲ್ಲಿ ಇನ್ನೂ ಕಟ್ಟುನಿಟ್ಟು.

ಋತು ಮುಗಿದ ಮೇಲೆ ಗೆಳೆಯರು ಎರಡು ಬದಲಾವಣೆ ಮಾಡಿಕೊಂಡರು. ಹೆಡ್ಡಿನ ಉದ್ದ ಹಿಡಿ ಚೀಲದಲ್ಲಿ ಎಲ್ಲದಕ್ಕೂ ಸಿಕ್ಕಿಕೊಳ್ಳುತ್ತಿತ್ತಾದ್ದರಿಂದ ಅದನ್ನು ಗಿಡ್ಡಗೆ ಕತ್ತರಿಸಿದರು. ಕೊರೆಯುವ ಚಳಿಯಲ್ಲಿ ಗ್ರೀಸು ಗಟ್ಟಿಯಾಗಿ ಮೊದಲ ಕೆಲವು ನಿಮಿಷ ಹೆಡ್ಡು ಬಿಗಿಯುತ್ತಿದ್ದುದರಿಂದ, ಕುಳಿತ ಕೂಡಲೇ ಸ್ಕೋಪು ಹಾಕುವ ಮೊದಲು ಹೆಡ್ಡನ್ನು ಎರಡೂ ಅಚ್ಚುಗಳಲ್ಲಿ ನಾಲ್ಕಾರು ಸಲ ಕೊನೆಯಿಂದ ಕೊನೆಗೆ ತಿರುಗಿಸಿ ಸಡಿಲಿಸುವುದನ್ನು ರೂಢಿ ಮಾಡಿಕೊಂಡರು. ಹಳೆಯ ಐದು ಮಡಿಕೆಯ ಟ್ರೈಪಾಡನ್ನು ಮಾರಲಿಲ್ಲ. ನಡುಗಂಬವನ್ನು ತೆಗೆದುಹಾಕಿ, ಬೈನಾಕ್ಯುಲರಿಗೆ ಮಾತ್ರ ಬಳಸಿಕೊಳ್ಳಲು ಸಂಗಾತಿಗೆ ಕೊಟ್ಟಿದ್ದಾರೆ. ಹತ್ತು ಪಟ್ಟಿನ ಬೈನಾಕ್ಯುಲರಿಗೆ ಅದು ಧಾರಾಳವಾಗಿ ಸಾಕು.